ಒದ್ದೆ ಮಡಿ

ಕೇದಾರ ಘಾಟ್, ಕಾಶಿ
18-5-2006

ಬೀಗಿತಿಯವರಾದ ಕೌಸಲ್ಯಾಬಾಯಿಯವರಿಗೆ ಅಂಬುಜಾಕ್ಷಿಯ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಬರೆದು ಆಮೇಲೆ ಉಳಿದದ್ದು ಬರೆಯುವುದು ರೂಢಿ. ಇವತ್ತು ಆ ಸಾಲು ಬರೆಯಲು ಕೈ ಬರಲಿಲ್ಲ. ನಿಮ್ಮ ಮಗಳಿಗೆ ಮೈ ಸರಿಯಿಲ್ಲ. ಗಾಬರಿಯಾಗಬೇಡಿ, ಈಗ ಎದ್ದು ಓಡಾಡುತ್ತಿದ್ದಾಳೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಇರುವುದು ನಡುಮನೆಯಲ್ಲಿ, ಅವಳು ಮಲಗುವುದೂ ಅಲ್ಲೇ.

ಕಳೆದ ತಿಂಗಳು ಯಾತ್ರೆಗೆ ಬಂದ ರಾಯಚೂರಿನವರೊಬ್ಬರ ತಂದೆಯ ಶ್ರಾದ್ಧ ನಮ್ಮ ಮನೆಯಲ್ಲಿತ್ತು. ನಿಮ್ಮ ಅಳಿಯ ಶ್ರೀನಿವಾಸ ಘಾಟಿನಲ್ಲಿ ಮಂತ್ರ ಹೇಳಿಸುತ್ತಿದ್ದ. ನಾನೂ ಹರಿಪ್ರಿಯಾಳೂ ಅಡುಗೆಮನೆಯಲ್ಲಿದ್ದೆವು. ಅನ್ನದ ತಪ್ಪಲೆ ಇಳಿಸುವಾಗ ಅವಳ ಕೈಯಿಂದ ಜಾರಿತು. "ಲಕ್ಷ್ಯ ಎಲ್ಲಿ ಅದವಾ ನಿಂದು?" ಎಂದು ಬೈದೆ. ಅವಳು ಗೋಡೆಗೆ ಒರಗಿ ಹಾಗೇ ಕೂತುಬಿಟ್ಟಳು. "ಅತ್ತೆ, ಸೊಂಟದ ಕೆಳಗ ಏನೂ ಇಲ್ಲಧಂಗ ಆಗೇದ," ಎಂದಳು. ಬಿಸಿ ಅನ್ನ ಅವಳ ಪಾದದ ಮೇಲೇ ಬಿದ್ದಿತ್ತು. ಸುಟ್ಟದ್ದು ಅವಳಿಗೆ ಗೊತ್ತಾಗಿರಲಿಲ್ಲ.

ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಲೆಯನ್ನು ಯಂತ್ರದೊಳಗೆ ಇಟ್ಟು ಚಿತ್ರ ತೆಗೆದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು ಎಂದರು. ವಿದ್ಯುತ್ತಿನ ತಂತಿಗೆ ರಬ್ಬರು ಇರುವ ಹಾಗೆ ನರಕ್ಕೂ ಒಂದು ಹೊದಿಕೆ ಇರುತ್ತದಂತೆ. ಈ ರೋಗದಲ್ಲಿ ಮೈಯೇ ತನ್ನ ಹೊದಿಕೆಯನ್ನು ತಾನು ಕಡಿದುಕೊಳ್ಳುತ್ತದಂತೆ. ಐದು ದಿನ ಬಾಟಲಿಯಲ್ಲಿ ಔಷಧ ಏರಿಸಿದ ಮೇಲೆ ಕಾಲು ಬಂತು.

ಇನ್ನು ನಿಮ್ಮನ್ನು ಕೇಳಬೇಕಾದದ್ದು. ಡಾಕ್ಟರಮ್ಮ ನಮ್ಮನ್ನು ಒಂದೇ ಪ್ರಶ್ನೆ ಮೂರು ಸಲ ಕೇಳಿದರು. ಹಿಂದೆ ಯಾವಾಗಲಾದರೂ ಇಂಥದ್ದು, ಕೈಕಾಲು ಜೋಮು, ಕಣ್ಣು ಮಂಜು, ಬಂದು ತಾನಾಗಿ ಹೋಗಿತ್ತೇ? ಇದು ಮೊದಲನೆಯದಾದರೆ ಕಾದು ನೋಡಬಹುದಂತೆ. ಎರಡನೆಯದಾದರೆ ಕಾಯುವ ಹಾಗಿಲ್ಲ, ವಾರಕ್ಕೊಂದು ಇಂಜೆಕ್ಷನ್ ಈಗಲೇ ಶುರುವಾಗಬೇಕು, ವರ್ಷಗಟ್ಟಲೆ. ಹರಿಪ್ರಿಯಾ "ನೆನಪಿಲ್ಲ" ಎಂದಳು. ಡಾಕ್ಟರಮ್ಮನ ಮುಖ ನೋಡಿ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದಳು.

ಹೆತ್ತವರಿಗೆ ಗೊತ್ತಿರುತ್ತದೆ. ದಯವಿಟ್ಟು ಕೂಡಲೇ ಬರೆಯಿರಿ. ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಮನೆಯಲ್ಲಿ ಕೇಳಿ ಮಾಡಲು ಹಿರಿಯರು ಯಾರೂ ಇಲ್ಲ.

ನಿಮ್ಮ
ಅಂಬುಜಾಕ್ಷಿ

*

ಸವಣೂರು
6-6-2006

ಅಂಬುಜಾಕ್ಷಿಬಾಯಿಯವರಿಗೆ ಕೌಸಲ್ಯಾಳ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ: ಅಂಥದ್ದೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಇದ್ದಾಗ ಅವಳು ನೆಗಡಿಗೂ ಗುಳಿಗೆ ನುಂಗಿದವಳಲ್ಲ. ಬಾವಿಯಿಂದ ನೀರು ಸೇದುತ್ತಿದ್ದಳು, ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು.

ನಿಮ್ಮ ಊರಿನ ಬಿಸಿಲು, ಮೂರು ಹೊತ್ತು ಒಲೆಯ ಮುಂದಿನ ಕೆಲಸ, ಇದರಿಂದ ಯಾರಿಗಾದರೂ ತಲೆ ಸುತ್ತುತ್ತದೆ. ಹೀಗೆ ಬರೆದೆನೆಂದು ತಪ್ಪು ತಿಳಿಯಬೇಡಿ. ಎರಡು ತಿಂಗಳು ಇಲ್ಲಿಗೆ ಕಳಿಸಿದರೆ ಸುಧಾರಿಸಿಕೊಳ್ಳುತ್ತಾಳೆ.

ಮೆಂತ್ಯದ ಹಿಟ್ಟು, ಚಟ್ನಿಪುಡಿ ಕಳಿಸಿದ್ದೇನೆ. ಖಾರ ಕಡಿಮೆ ಹಾಕಿದ್ದೇನೆ.

ಇತಿ
ಕೌಸಲ್ಯಾ

*

ಕೇದಾರ ಘಾಟ್, ಕಾಶಿ
26-9-2006

ಕೌಸಲ್ಯಾಬಾಯಿಯವರಿಗೆ ನಮಸ್ಕಾರ.

ನಿಮ್ಮ ಉತ್ತರವನ್ನು ಡಾಕ್ಟರಮ್ಮನಿಗೆ ಹಾಗೇ ಹೇಳಿದೆವು. "ಹಾಗಾದರೆ ಕಾಯೋಣ," ಎಂದು ಫೈಲಿನಲ್ಲಿ ಬರೆದುಕೊಂಡರು. ಕಾಯುವುದು ಎಂದರೆ ಏನೆಂದು ಈ ನಾಲ್ಕು ತಿಂಗಳಲ್ಲಿ ಗೊತ್ತಾಯಿತು. ಅವಳು ಲೋಟ ಇಟ್ಟ ಸಪ್ಪಳಕ್ಕೂ ನಾನು ತಿರುಗಿ ನೋಡುತ್ತೇನೆ. ಈ ಕಾಗದ ಬರೆಯುತ್ತ ಮೂರು ಸಲ ಎದ್ದು ಹೋಗಿ ನೋಡಿ ಬಂದೆ.

ಪಿತೃಪಕ್ಷ ಮೊನ್ನೆ ಮುಗಿಯಿತು. ದಿನಕ್ಕೆ ಎರಡು ಮೂರು ಶ್ರಾದ್ಧ. ಇವರದು ಮೊದಲ ವರ್ಷದ್ದು, ಅದೂ ನಡೆಯಿತು. ಬೇರೆಯವರ ಹಿರಿಯರಿಗೆ ಮೂವತ್ತು ವರ್ಷ ವಡೆ ಕರಿದಿದ್ದೇನೆ. ಈ ಸಲ ಯಾರಿಗಾಗಿ ಕರಿಯುತ್ತಿದ್ದೇನೆ ಎಂದು ನೆನಪಾಗಿ ಬಾಣಲೆಯಲ್ಲಿ ನಾಲ್ಕು ಹೊತ್ತಿದವು.

ಯಾತ್ರಿಕರ ತಮಾಷೆ ಮಾತ್ರ ಬದಲಾಗಿಲ್ಲ. ಕಾಶಿಗೆ ಬಂದವರು ಪ್ರಿಯವಾದದ್ದೊಂದನ್ನು ಬಿಟ್ಟು ಹೋಗಬೇಕಲ್ಲ, ಹತ್ತರಲ್ಲಿ ಎಂಟು ಜನ ಹಾಗಲಕಾಯಿ ಬಿಡುತ್ತಾರೆ. ಇವರು ನಗುತ್ತಿದ್ದರು, "ಕರ್ನಾಟಕದಾಗ ಹಾಗಲಕಾಯಿ ತಿನ್ನಾವ್ರು ಇನ್ನ ಯಾರ ಉಳದಾರ?" ಎಂದು. ನಾನು ಮದುವೆಯಾಗಿ ಬಂದಾಗ ಬಿಟ್ಟದ್ದು ಪಡವಲಕಾಯಿ. ಅದನ್ನು ನಾನು ಮೊದಲೂ ತಿನ್ನುತ್ತಿರಲಿಲ್ಲ.

ಈಗ ಮುಖ್ಯ ಮಾತು. ಶ್ರಾದ್ಧದ ಅಡುಗೆಗೆ ನಮ್ಮಲ್ಲಿ ಒದ್ದೆ ಮಡಿಯೇ ಆಗಬೇಕು. ಹರಿಪ್ರಿಯಾ ಬೆಳಗಿನ ಜಾವ ಗಂಗೆಯಲ್ಲಿ ಮುಳುಗಿ ಬಂದು, ನೀರು ತೊಟ್ಟಿಕ್ಕುವ ಸೀರೆಯಲ್ಲೇ ಒಲೆ ಹಚ್ಚುತ್ತಿದ್ದಳು. ಒಂದು ವಿಚಿತ್ರ ಕಂಡೆ. ಸೀರೆ ಒದ್ದೆ ಇರುವತನಕ ಅವಳ ಕೈ ನಡುಗುವುದಿಲ್ಲ. ಒಲೆಯ ಝಳಕ್ಕೆ ಸೀರೆ ಆರಿತು ಎಂದರೆ ಲಟ್ಟಣಿಗೆ ಕೈಯಲ್ಲಿ ನಿಲ್ಲುವುದಿಲ್ಲ. ಮತ್ತೆ ಎರಡು ತಂಬಿಗೆ ಸುರಿದುಕೊಂಡು ಬಂದರೆ ಸರಿ. ಹದಿನೈದು ದಿನವೂ ಹೀಗೇ. ಇವರು ಪಂಚಾಂಗದ ಅಂಚಿನಲ್ಲಿ ಯಾವ ದಿನ ಯಾರ ಶ್ರಾದ್ಧ ಎಂದು ಬರೆದಿಡುತ್ತಿದ್ದರು. ಖಾಲಿ ಅಂಚನ್ನು ನೋಡಲಾರದೆ ಈಗ ನಾನು ಅಲ್ಲಿ ಹರಿಪ್ರಿಯಾಳ ವಿಷಯ ಬರೆಯುತ್ತೇನೆ. "ಮಡಿ, ಕೈ ಸರಿ." "ಸೀರೆ ಆರಿತು, ನಡುಕ." ಬೇಕಾದರೆ ಬಂದು ಓದಿ.

ಯಂತ್ರಕ್ಕೆ ಕಾಣದ್ದು ಗಂಗೆಗೆ ಕಂಡಿದೆ ಎಂದು ನನ್ನ ನಂಬಿಕೆ.

ನಿಮ್ಮ
ಅಂಬುಜಾಕ್ಷಿ

*

ಸವಣೂರು
10-11-2006

ಅಂಬುಜಾಕ್ಷಿಬಾಯಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ನಾನು ಆಗಲೇ ಬರೆದಿರಲಿಲ್ಲವೇ, ದೊಡ್ಡ ರೋಗವಲ್ಲ ಎಂದು? ಒದ್ದೆ ಮಡಿ ಬಿಡಿಸಬೇಡಿ.

ಮದುವೆಯಾಗಿ ಮೂರು ವರ್ಷ ದಾಟಿತು. ಇಲ್ಲಿ ಕೇಳುವವರ ಬಾಯಿ ಮುಚ್ಚಿಸಲು ಆಗುವುದಿಲ್ಲ. ಒಂದು ಕೂಸು ಆದರೆ ಎಲ್ಲವೂ ದಾರಿಗೆ ಬರುತ್ತದೆ. ನೀವು ಹಿರಿಯರು, ಅವಳಿಗೆ ಒಂದು ಮಾತು ಹೇಳಿ.

ಇತಿ
ಕೌಸಲ್ಯಾ

*

ಕೇದಾರ ಘಾಟ್, ಕಾಶಿ
16-3-2007

ಕೌಸಲ್ಯಾಬಾಯಿಯವರಿಗೆ ನಮಸ್ಕಾರ.

ಬರೆಯಲು ತಡವಾಯಿತು. ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಹರಿಪ್ರಿಯಾ ಗಂಗೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. "ಅತ್ತೆ, ಮಂಜು ಭಾಳ ಬಿದ್ದದಲ್ಲ?" ಎಂದಳು. ಕಾಶಿಯಲ್ಲಿ ಆ ತಿಂಗಳು ಮಂಜು ದಿನಾ ಇರುತ್ತದೆ. ಆದರೆ ಅವಳು ನಿಂತಿದ್ದದ್ದು ಮನೆಯೊಳಗೆ. ಒಂದು ಕಣ್ಣು ಹೋಗಿತ್ತು. ಮತ್ತೆ ಚಿತ್ರ, ಮತ್ತೆ ಐದು ಬಾಟಲಿ. ಕಣ್ಣು ಮುಕ್ಕಾಲು ಬಂದಿದೆ. ಕೆಂಪು ಬಣ್ಣ ಮಾತ್ರ ತೊಳೆದ ಹಾಗೆ ಕಾಣುತ್ತದಂತೆ.

ಎರಡನೆಯ ಹೊಡೆತ ಎಂದು ಡಾಕ್ಟರಮ್ಮ ಇಂಜೆಕ್ಷನ್ ಶುರು ಮಾಡಿದರು. ಗುರುವಾರಕ್ಕೊಂದು, ತೊಡೆಗೆ. ಔಷಧ ತಂಪಿನಲ್ಲೇ ಇರಬೇಕು, ಆದರೆ ಗಡ್ಡೆ ಕಟ್ಟಬಾರದು. ಅದಕ್ಕಾಗಿ ಫ್ರಿಜ್ ತಂದೆವು. ಅಡುಗೆಮನೆ ಮಡಿ, ಅಲ್ಲಿ ಇಡುವಂತಿಲ್ಲ. ಯಾತ್ರಿಕರ ಕೋಣೆಯಲ್ಲಿಟ್ಟರೆ ಅವರು ತಣ್ಣೀರಿಗೆ ಹತ್ತು ಸಲ ಬಾಗಿಲು ತೆಗೆಯುತ್ತಾರೆ. ಕರೆಂಟು ಹೋಯಿತೆಂದರೆ ಶ್ರೀನಿವಾಸ ಸಂಧ್ಯಾವಂದನೆ ಅರ್ಧಕ್ಕೆ ಬಿಟ್ಟು ಐಸ್ ತರಲು ಓಡುತ್ತಾನೆ.

ಇದೆಲ್ಲ ಮಾಡಬಹುದಿತ್ತು. ಆದರೆ ಆ ಸೂಜಿ ಅವಳನ್ನು ಬೀಳಿಸಿಬಿಡುತ್ತದೆ. ಸಂಜೆ ಹಾಕಿಸಿದರೆ ರಾತ್ರಿಯೆಲ್ಲ ಜ್ವರ, ನಡುಕ. ಶುಕ್ರವಾರ ಕೈಯೂ ಇಲ್ಲ, ಕಾಲೂ ಇಲ್ಲ. ಎಂಟು ವಾರ ನೋಡಿದೆ. ಒಂಬತ್ತನೆಯ ಗುರುವಾರ ಅವಳು ಅತ್ತಳು. "ಸೂಜಿ ಹಾಕಿದ ಮರುದಿನ ನಾ ಹೆಣಾ ಆಗ್ತೀನಿ ಅತ್ತೆ. ಒದ್ದೆ ಮಡಿ ಉಟ್ಟ ದಿನ ಮನಷ್ಯಾಳ ಹಂಗ ಇರ್ತೀನಿ. ಯಾವುದು ಔಷಧ, ನೀವ ಹೇಳ್ರಿ."

ನೀವು ಕೂಸಿನ ಮಾತು ಬೇರೆ ಬರೆದಿದ್ದಿರಿ. ಈ ಇಂಜೆಕ್ಷನ್ ನಡೆಯುವತನಕ ಗರ್ಭ ಬೇಡ ಎಂದಿದ್ದಾರೆ. ಎಲ್ಲ ಕೂಡಿಸಿ ನೋಡಿ, "ಬಿಡವಾ, ಸಾಕು," ಎಂದೆ. ಶ್ರೀನಿವಾಸ, "ಅಮ್ಮ, ಡಾಕ್ಟರನ್ನ ಕೇಳೋಣ," ಎಂದ. ನಾನು ಕೇಳಗೊಡಲಿಲ್ಲ. ಬಿಡಿಸಿದವಳು ನಾನು. ಯಾರಾದರೂ ಮುಂದೆ ಕೇಳಿದರೆ ಇರಲಿ ಎಂದು ಅದನ್ನೂ ಪಂಚಾಂಗದಲ್ಲಿ ಬರೆದಿದ್ದೇನೆ.

ಈಗ ಮೂರು ವಾರವಾಯಿತು. ಹೋಳಿಗೆ ಲಟ್ಟಿಸಿದಳು. ನಕ್ಕಳು ಕೂಡ.

ನಿಮ್ಮ
ಅಂಬುಜಾಕ್ಷಿ

*

ಸವಣೂರು
2-4-2007

ಅಂಬುಜಾಕ್ಷಿಬಾಯಿಯವರಿಗೆ,

ನಾನು ಕೂಸಿನ ಮಾತು ಬರೆದೆನೆಂದು ಔಷಧ ಬಿಡಿಸಬೇಡಿ. ಅದು ಕೈತಪ್ಪಿ ಬರೆದದ್ದು. ಡಾಕ್ಟರು ಹೇಳಿದ ಹಾಗೆ ಮಾಡಿ.

ಕಣ್ಣು ಎಂದು ಬರೆದಿರಿ. ಯಾವ ಕಣ್ಣು ಎಂದು ಬರೆಯಲಿಲ್ಲ. ಬಲವೋ, ಎಡವೋ? ಅದೊಂದನ್ನು ಬರೆಯಿರಿ.

ಕೌಸಲ್ಯಾ

*

ಕೇದಾರ ಘಾಟ್, ಕಾಶಿ
20-6-2007

ಕೌಸಲ್ಯಾಬಾಯಿಯವರಿಗೆ,

ನಿಮ್ಮ ಏಪ್ರಿಲ್ ತಿಂಗಳ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಚೆನ್ನಾಗಿದ್ದ ದಿನಗಳಲ್ಲಿ ಪುರುಸೊತ್ತಾಗಲಿಲ್ಲ, ಆಮೇಲೆ ಧೈರ್ಯವಾಗಲಿಲ್ಲ.

ಈ ಸಲ ಅಧಿಕ ಜ್ಯೇಷ್ಠ ಬಂದಿತ್ತಲ್ಲ. ಅಧಿಕಮಾಸದ ಸ್ನಾನಕ್ಕೆಂದು ಕನ್ನಡದವರು ಬಸ್ಸು ಮಾಡಿಕೊಂಡು ಬಂದರು. ಇಲ್ಲಿನವರು ಲೂ ಎನ್ನುವ ಬಿಸಿಗಾಳಿ ಬೀಸುತ್ತಿತ್ತು. ಗೋಡೆ ಮುಟ್ಟಿದರೆ ಬಿಸಿ, ಘಾಟಿನ ಕಲ್ಲು ಕಾದ ಹೆಂಚು. ಹರಿಪ್ರಿಯಾ ಗಂಟೆಗೊಮ್ಮೆ ನೀರು ಸುರಿದುಕೊಂಡು ಅಡುಗೆ ಮಾಡಿದಳು. ಹನ್ನೆರಡನೆಯ ದಿನ ಗಂಗೆಗೆ ಹೋದವಳು ಎಂಟು ಮೆಟ್ಟಿಲು ಇಳಿದು ಕೂತಳು. ಒಂಬತ್ತನೆಯದಕ್ಕೆ ಕಾಲು ಬರಲಿಲ್ಲ. ಶ್ರೀನಿವಾಸ ಹೊತ್ತುಕೊಂಡು ಬಂದ.

ಆಗಲಾದರೂ ಆಸ್ಪತ್ರೆಗೆ ಹೋಗಬೇಕಿತ್ತು. ನಾನು ಅವಳಿಗೆ ಒದ್ದೆ ಸೀರೆ ಸುತ್ತಿದೆ. ಕೊಡ ಕೊಡ ಸುರಿದೆ. ಮೂರು ದಿನ, ಕೌಸಲ್ಯಾಬಾಯಿ. ಅವಳು ನೆನೆಯುತ್ತ ಕೂತಿದ್ದಳು. ನಾಲ್ಕನೆಯ ದಿನ, "ಅತ್ತೆ, ಚಳಿ ಆಗ್ಲಿಕ್ಕತ್ತದ. ಕಾಲಿಗೆ ಮಾತ್ರ ಆಗವಲ್ತು," ಎಂದಳು.

ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಪಂಚಾಂಗವನ್ನು ಶ್ರೀನಿವಾಸನಿಂದ ಓದಿಸಿ ಹಿಂದಿಯಲ್ಲಿ ಹೇಳಿಸಿಕೊಂಡರು. "ಮಾತಾಜೀ, ಆಪ್ ನೇ ಸಹೀ ದೇಖಾ," ಎಂದರು. ನೀವು ಕಂಡದ್ದು ಸರಿಯೇ ಎಂದು. ಹೊದಿಕೆ ಹೋದ ನರಕ್ಕೆ ಮೈ ಬಿಸಿಯಾದರೆ ಕೆಲಸ ಆಗುವುದಿಲ್ಲ, ತಂಪಾದರೆ ಆಗುತ್ತದಂತೆ. ಅದಕ್ಕೇ ಒದ್ದೆ ಸೀರೆಯಲ್ಲಿ ಕೈ ನಿಲ್ಲುತ್ತಿತ್ತು, ಅದಕ್ಕೇ ಸೂಜಿಯ ಜ್ವರದಲ್ಲಿ ಬೀಳುತ್ತಿತ್ತು. ನೀರು ಆ ದಿನದ ನೆಮ್ಮದಿ, ರೋಗವನ್ನು ಅದು ಮುಟ್ಟುವುದಿಲ್ಲ. ಇಂಜೆಕ್ಷನ್ ಇವತ್ತನ್ನು ಚೆನ್ನಾಗಿ ಮಾಡುವುದಿಲ್ಲ, ಮುಂದಿನ ಹೊಡೆತಗಳನ್ನು ಕಡಿಮೆ ಮಾಡುತ್ತದೆ. ಬಾರದೆ ಹೋದ ಹೊಡೆತ ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಬಹಳ ಜನ ಹೀಗೇ ಬಿಡುತ್ತಾರಂತೆ. ಜ್ವರ ತಡೆಯಲು ಸೂಜಿಗೆ ಮೊದಲೇ ನುಂಗುವ ಮಾತ್ರೆಯೊಂದಿತ್ತಂತೆ. ನಾವು ಕೇಳಲಿಲ್ಲ.

ಮನೆಗೆ ಬಂದು ಹಳೆಯ ಪಂಚಾಂಗ ತೆಗೆದೆ. ಧನುರ್ಮಾಸದ ಆ ದಿನ ನನ್ನ ಅಕ್ಷರದಲ್ಲೇ ಇದೆ: "ಮಡಿ. ಚಳಿ. ಕಣ್ಣು ಹೋಯಿತು." ಕೊರೆಯುವ ಚಳಿಯಲ್ಲಿ, ಗಂಗೆಯಿಂದ ಬಂದ ಒದ್ದೆ ಸೀರೆಯಲ್ಲೇ ಕಣ್ಣು ಹೋಗಿತ್ತು. ಬರೆದವಳೂ ನಾನೇ. ಓದಲಿಲ್ಲ.

ಈಗ ಗೋಡೆ ಹಿಡಿದು ನಡೆಯುತ್ತಾಳೆ. ಎಷ್ಟು ಬರುತ್ತದೋ ಗೊತ್ತಿಲ್ಲ.

ಯಾವ ಕಣ್ಣು ಎಂದು ಕೇಳಿದ್ದಿರಿ. ಎಡಗಣ್ಣು. ಯಾಕೆ ಕೇಳಿದಿರಿ?

ಅಂಬುಜಾಕ್ಷಿ

*

ಸವಣೂರು
8-7-2007

ಅಂಬುಜಾಕ್ಷಿಬಾಯಿಯವರಿಗೆ,

ಬಲಗಣ್ಣು ಎಂದು ನೀವು ಬರೆದಿದ್ದರೆ, ಹಳೆಯದೇ ಮತ್ತೆ ಬಂತು ಎಂದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಎಡಗಣ್ಣು ಎಂದಿರಿ. ಇನ್ನು ಸುಮ್ಮನಿರಲಾರೆ.

ಮದುವೆಯ ಹಿಂದಿನ ವರ್ಷ ಶ್ರಾವಣದಲ್ಲಿ ಅವಳ ಬಲಗಣ್ಣು ಮಂಜಾಯಿತು. ಕಣ್ಣು ಹೊರಳಿಸಿದರೆ ನೋವು. ಹುಬ್ಬಳ್ಳಿಯಲ್ಲಿ ಹನಿ ಬರೆದುಕೊಟ್ಟರು, ನಾನು ರಾಯರಿಗೆ ಹರಕೆ ಹೊತ್ತೆ. ಇಪ್ಪತ್ತೆರಡನೆಯ ದಿನ ಪೂರ್ತಿ ಬಂತು. ಹೋದದ್ದು ಹೋಯಿತು ಎಂದುಕೊಂಡೆ. ಆಮೇಲೆ ನಿಮ್ಮ ಮನೆಯಿಂದ ಜಾತಕ ಕೇಳಿ ಕಾಗದ ಬಂತು. ನಮ್ಮವರು, "ಕಣ್ಣಿನ ವಿಷಯ ಹೇಳಿಬಿಡೋಣ," ಎಂದರು. ನಾನು ಬೇಡ ಎಂದೆ. ಸರಿಹೋದದ್ದನ್ನು ಯಾಕೆ ಹೇಳಬೇಕು? ಹರಿಪ್ರಿಯಾಳ ಕೈಯನ್ನು ತುಳಸಿಯ ಮೇಲೆ ಇಡಿಸಿ, "ಆ ಮನ್ಯಾಗ ಕಣ್ಣಿನ ಮಾತು ಎತ್ತಬ್ಯಾಡ," ಎಂದು ಆಣೆ ತೆಗೆದುಕೊಂಡೆ.

ನೀವು ಮೊದಲ ಕಾಗದದಲ್ಲಿ ಕೇಳಿದಾಗಲೇ ನನಗೆ ನೆನಪಿತ್ತು. ಹೌದು ಎಂದು ಬರೆದರೆ ನೀವು ಅವಳನ್ನು ತವರಿಗೆ ಕಳಿಸಿಬಿಡುತ್ತೀರಿ ಎಂದು ಹೆದರಿದೆ. ಅರ್ಧ ವರ್ಷ. ಅವತ್ತು ನಿಜ ಬರೆದಿದ್ದರೆ ಅವಳಿಗೆ ಅರ್ಧ ವರ್ಷ ಸಿಗುತ್ತಿತ್ತು.

ನಿಮ್ಮ ಮನೆಯವರು ಏನು ತೀರ್ಮಾನಿಸಿದರೂ ಎದುರಾಡುವುದಿಲ್ಲ. ಅವಳನ್ನು ಬೈಯಬೇಡಿ. ಆಣೆ ನನ್ನದು.

ಕೌಸಲ್ಯಾ

*

ಕೇದಾರ ಘಾಟ್, ಕಾಶಿ
2-8-2007

ಕೌಸಲ್ಯಾಬಾಯಿಯವರಿಗೆ,

ನಿಮಗೆ ಎರಡು ಕಾಗದ ಬರೆದು ಹರಿದೆ. ಅವುಗಳಲ್ಲಿ ಏನಿತ್ತು ಎಂದು ಹೇಳುವುದಿಲ್ಲ. ನಾಲ್ಕು ದಿನ ಹರಿಪ್ರಿಯಾಳ ಮುಖ ನೋಡಿ ಮಾತಾಡಲಿಲ್ಲ. ಐದನೆಯ ದಿನ ಅವಳೇ, "ಅವ್ವನ ಕಾಗದ ಬಂತೇನು?" ಎಂದಳು. ಬಂತು ಎಂದೆ. "ಕಣ್ಣಿಂದು?" ಎಂದಳು. ಹೂಂ ಎಂದೆ. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾಲ್ಕು ವರ್ಷ ಒಬ್ಬಳೇ ಹೊತ್ತಿದ್ದಳು, ನಾವಿಬ್ಬರು ಹಿರಿಯರು ಇದ್ದೂ.

ನೀವು ಅರ್ಧ ವರ್ಷ ಕಳೆದಿರಿ. ಇಂಜೆಕ್ಷನ್ ಬಿಡಿಸಿ ನಾನು ನಾಲ್ಕು ತಿಂಗಳು ಕಳೆದೆ. ತಕ್ಕಡಿ ಹಿಡಿಯಲು ನನಗೆ ಮನಸ್ಸಿಲ್ಲ.

ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದೆವು. ಅವರು ನಮ್ಮನ್ನು ಹೊರಗೆ ಕೂಡಿಸಿ ಹರಿಪ್ರಿಯಾಳೊಬ್ಬಳನ್ನೇ ಒಳಗೆ ಕರೆದರು. ಮುಕ್ಕಾಲು ಗಂಟೆ. ನಾನು ಬಾಗಿಲ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ. ಅಲ್ಲಿ ಏನಾಯಿತು ಎಂದು ಅವಳೇ ನಿಮಗೆ ಬರೆಯುತ್ತಾಳೆ, ಕೈ ಸ್ವಲ್ಪ ಬರಲಿ.

ತವರಿಗೆ ಕಳಿಸುವ ಮಾತು ಇನ್ನು ಬರೆಯಬೇಡಿ. ಪಿತೃಪಕ್ಷ ಬರುತ್ತಿದೆ. ಅಡುಗೆಮನೆಯಲ್ಲಿ ಒಂದು ಜೊತೆ ಕೈ ಕಡಿಮೆ ಇದೆ. ಬನ್ನಿ.

ಅಂಬುಜಾಕ್ಷಿ

*

ಕೇದಾರ ಘಾಟ್, ಕಾಶಿ
7-9-2007, ಶುಕ್ರವಾರ

ಅವ್ವನಿಗೆ ಹರಿಪ್ರಿಯಾ ಮಾಡುವ ನಮಸ್ಕಾರಗಳು.

ಅಕ್ಷರ ಸೊಟ್ಟ ಇದೆ, ಓದಿಕೋ. ನಿನ್ನೆ ಗುರುವಾರ, ಇಂಜೆಕ್ಷನ್ ದಿನ. ಈಗ ಮಾತ್ರೆ ಮೊದಲೇ ನುಂಗುತ್ತೇನೆ. ಜ್ವರ ಬರುತ್ತದೆ, ಆದರೆ ಹೆಣ ಮಾಡುವಷ್ಟಲ್ಲ.

ಡಾಕ್ಟರಮ್ಮ ನನ್ನನ್ನು ಕೇಳಿದರು ಅವ್ವಾ. ಮೊದಲ ಸಲ ಯಾರೋ ನನ್ನನ್ನೇ ಕೇಳಿದರು. ಇನ್ನೂ ಬಿರುಸಿನ ಔಷಧವೊಂದಿದೆ, ಮೂರು ತಿಂಗಳಿಗೊಮ್ಮೆ. ಅದು ಹೃದಯಕ್ಕೆ ಭಾರ, ಮುಂದೆ ಕೂಸು ಆಗುವುದಕ್ಕೂ ಅಡ್ಡಿಯಾಗಬಹುದು ಎಂದರು. ನಾನು ವಾರದ ಇಂಜೆಕ್ಷನ್ನೇ ಸಾಕು ಎಂದೆ. ಎರಡು ವರ್ಷ ತೆಗೆದುಕೊಳ್ಳುತ್ತೇನೆ. ಹೊಡೆತ ಬಾರದಿದ್ದರೆ ಆಗ ನಿಲ್ಲಿಸಿ ಕೂಸಿನ ವಿಚಾರ. ಬಂದರೆ ಬೇರೆ ದಾರಿ. ಸರಿಯೋ ತಪ್ಪೋ ಅವರೂ ಹೇಳಲಾರರಂತೆ. ಆದರೂ ಹೊರಗೆ ಬರುವಾಗ ಗೋಡೆ ಹಿಡಿಯಲಿಲ್ಲ, ಕೋಲು ಸಾಕಾಯಿತು. ಅತ್ತೆ ಅದನ್ನು ಪಂಚಾಂಗದಲ್ಲಿ ಬರೆದಿದ್ದಾರೆ.

ಸೂಜಿ ಹಾಕುವವರು ಯಾರು ಗೊತ್ತೇ? ಅತ್ತೆಯೇ. ಆಸ್ಪತ್ರೆಯ ನರ್ಸಿನ ಹತ್ತಿರ ಕಲಿತುಬಂದರು, ಮೊದಲು ಕಿತ್ತಳೆ ಹಣ್ಣಿಗೆ ಚುಚ್ಚಿ. ಫ್ರಿಜ್ ಈಗ ಅಡುಗೆಮನೆಯಲ್ಲಿದೆ. ಯಾತ್ರಿಕರೊಬ್ಬರು, "ಮಡಿ ಮನಿಯೊಳಗ ಇದೇನ್ರೀ ಅಮ್ಮಾ?" ಎಂದರೆ, "ನಮ್ಮ ಸೊಸಿ ಅನ್ನಾ ಅದ ಒಳಗ. ಬಾಗಲಾ ಮುಟ್ಟಬ್ಯಾಡ್ರಿ," ಎಂದರು. ಸೂಜಿ ಹಾಕಿದ ಮೇಲೆ ಸ್ನಾನ ಮಾಡುತ್ತಾರೇನೋ ಎಂದು ನೋಡಿದೆ. ಮಾಡಲಿಲ್ಲ. ಜ್ವರ ಬಿಡುವತನಕ ನನ್ನ ಹಾಸಿಗೆಯ ಮೇಲೇ ಕೂತಿರುತ್ತಾರೆ. ಗುರುವಾರ ನಮ್ಮ ಮನೆಯಲ್ಲಿ ಶ್ರಾದ್ಧ ಒಪ್ಪಿಕೊಳ್ಳುವುದಿಲ್ಲ ಎಂದು ಘಾಟಿನವರಿಗೆಲ್ಲ ಹೇಳಿಸಿದ್ದಾರೆ.

ಗಂಗೆ ತುಂಬಿದೆ. ಮೇಲಿನ ಮೆಟ್ಟಿಲುಗಳವರೆಗೆ ನೀರು ಬಂದಿದೆ. ನಾನು ಮೂರು ಮೆಟ್ಟಿಲು ಇಳಿದು ಕಾಲು ಇಳಿಬಿಟ್ಟು ಕೂರುತ್ತೇನೆ. ತಂಪು. ಔಷಧವಲ್ಲ ಎಂದು ಗೊತ್ತಿದೆ, ಆದರೂ ಕೂರುತ್ತೇನೆ.

ಆಣೆಯ ಮಾತು ಇನ್ನು ಬೇಡ. ನೀನು ಬಾ. ಬಂದವಳು ಪ್ರಿಯವಾದದ್ದೊಂದನ್ನು ಬಿಡಬೇಕಾಗುತ್ತದೆ, ಈಗಲೇ ಯೋಚಿಸಿಟ್ಟುಕೋ. ಅತ್ತೆ ಮೂವತ್ತು ವರ್ಷ ಪಡವಲಕಾಯಿಯಲ್ಲಿ ದಿನ ದೂಡಿ, ಈಗ ಗುರುವಾರದ ಮಡಿ ಬಿಟ್ಟಿದ್ದಾರೆ. ನೀನು ಹಾಗಲಕಾಯಿ ಹೇಳಬೇಡ. ಅದನ್ನು ಎಲ್ಲರೂ ಬಿಡುತ್ತಾರೆ.

ನಿನ್ನ
ಹರಿಪ್ರಿಯಾ